ಲಾಲ್‌ಬಾಗ್‌ಗೆ ಹೋದಾಗ ಗಾಡಿ ಎಲ್ಲಿ ನಿಲ್ಲಿಸ್ತೀನಿ: ನನ್ನ ಅನುಭವ

ನಮ್ಮಮ್ಮನಿಗೆ ಮಂಡಿ ನೋವು. ಆದರೂ ತಿಂಗಳಿಗೆ ಎರಡು ಸಲವಾದರೂ ಲಾಲ್‌ಬಾಗ್‌ಗೆ ಹೋಗಿ, ಆ ದೊಡ್ಡ ಮರಗಳ ಕೆಳಗೆ ಒಂದು ಗಂಟೆ ಕೂತು ಬರದಿದ್ದರೆ ಅವರಿಗೆ ಸಮಾಧಾನ ಇಲ್ಲ. ಕರ್ಕೊಂಡು ಹೋಗುವ ಕೆಲಸ ನನ್ನದು. ಮನೆ ಇರೋದು ಕತ್ರಿಗುಪ್ಪೆ ಕಡೆ. ದೂರ ಏನೂ ಅಲ್ಲ, ಆದರೆ ಶುರುವಿನಲ್ಲಿ ಪ್ರತಿ ಸಲವೂ ಗಾಡಿ ನಿಲ್ಲಿಸೋ ಜಾಗ ಹುಡುಕೋದರಲ್ಲೇ ಅರ್ಧ ಜೀವ ಹೋಗುತ್ತಿತ್ತು. ಒಂದು ಸುತ್ತು, ಎರಡು ಸುತ್ತು, ಹಿಂದಿನಿಂದ ಹಾರ್ನ್, ಅಮ್ಮ ಪಕ್ಕದಲ್ಲಿ ಕೂತು "ನನ್ನ ಇಲ್ಲೇ ಇಳಿಸಿಬಿಡು, ನಾನು ಕಾಯ್ತೀನಿ" ಅನ್ನೋದು, ನಾನು ಬೇಡ ಅನ್ನೋದು. ಈಗ ಹಾಗಾಗಲ್ಲ. ಹೇಗೆ ಅಂತ ಬರೀತೀನಿ, ವಯಸ್ಸಾದವರನ್ನೋ ಚಿಕ್ಕ ಮಕ್ಕಳನ್ನೋ ಕರ್ಕೊಂಡು ಹೋಗುವವರಿಗೆ ಉಪಯೋಗ ಆಗಬಹುದು.

ಮೊದಲು ನನ್ನ ತಪ್ಪು ಹೇಳ್ತೀನಿ. ಒಂದು ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೀತಿತ್ತು. ಫೋನಿನ ಮ್ಯಾಪ್ ಹೇಳಿದ ಹಾಗೆ ಪಶ್ಚಿಮದ ಗೇಟ್ ಕಡೆ ಹೋದೆ. ಕ್ರುಂಬಿಗಲ್ ರಸ್ತೆಯಲ್ಲಿ ಕಾರುಗಳ ಸಾಲೇ ನಿಂತಿತ್ತು. ಎಲ್ಲರೂ ನಿಲ್ಲಿಸಿದ್ದಾರಲ್ಲ ಅಂತ ನಾನೂ ಕೊನೆಯಲ್ಲಿ ನಿಲ್ಲಿಸಿ ಒಳಗೆ ಹೋದೆ. ಸ್ವಲ್ಪ ದಿನ ಆದ ಮೇಲೆ ಫೋನಿಗೆ ಮೆಸೇಜ್ ಬಂತು, ನೋ ಪಾರ್ಕಿಂಗ್, ಸಾವಿರ ರೂಪಾಯಿ ದಂಡ. ಬೋರ್ಡ್ ಇತ್ತು, ನಾನು ನೋಡಿರಲಿಲ್ಲ ಅಷ್ಟೆ. ದಂಡಕ್ಕೆ ಅರ್ಧ ರಿಯಾಯಿತಿ ಬಿಟ್ಟಾಗ ಕಟ್ಟೋಣ ಅಂತ ಕಾಯುವವರು ಇದ್ದಾರೆ. ನನಗೆ ಆ ಸಾಲ ತಲೆ ಮೇಲೆ ಇಟ್ಕೊಳ್ಳೋಕೆ ಇಷ್ಟ ಇರಲಿಲ್ಲ, ಅವತ್ತೇ ಕಟ್ಟಿದೆ.

ಪ್ರದರ್ಶನದ ದಿನಗಳಲ್ಲಿ ಎಲ್ಲೆಲ್ಲಿ ನಿಲ್ಲಿಸಬಾರದು, ಎಲ್ಲಿ ನಿಲ್ಲಿಸಬಹುದು ಅಂತ ಸಂಚಾರ ಪೊಲೀಸರು ಮೊದಲೇ ಪಟ್ಟಿ ಕೊಡ್ತಾರೆ, ಪೇಪರಿನಲ್ಲೂ ಬರುತ್ತೆ. ನಾನು ಅದನ್ನು ಓದೋಕೆ ಶುರು ಮಾಡಿದ್ದು ಆ ಸಾವಿರ ಹೋದ ಮೇಲೆ. ನಿಲ್ಲಿಸಬಾರದ ಪಟ್ಟಿಯಲ್ಲಿ ಹೆಚ್ಚುಕಡಿಮೆ ಪ್ರತಿ ಸಲ ಬರುವ ಎರಡು ಹೆಸರು, ಡಾ. ಮರೀಗೌಡ ರಸ್ತೆ ಮತ್ತು ಕ್ರುಂಬಿಗಲ್ ರಸ್ತೆ. ಇಬ್ಬರೂ ಲಾಲ್‌ಬಾಗ್ ನೋಡಿಕೊಂಡು ಬೆಳೆಸಿದವರು. ಕ್ರುಂಬಿಗಲ್ ಜರ್ಮನಿಯಿಂದ ಬಂದ ತೋಟಗಾರ, ಮರೀಗೌಡರು ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದವರು. ಅವರ ಹೆಸರಿನ ರಸ್ತೆಯಲ್ಲಿ ಗಾಡಿ ಅಡ್ಡ ನಿಲ್ಲಿಸಿ ಅವರ ತೋಟ ನೋಡೋಕೆ ಹೋಗೋದು ನನಗಂತೂ ಈಗ ಸರಿ ಅನ್ನಿಸಲ್ಲ. ಇವೆರಡರ ಜೊತೆಗೆ ಕೆ.ಎಚ್. ರಸ್ತೆ, ಸಿದ್ದಯ್ಯ ರಸ್ತೆ, ಬಿಟಿಎಸ್ ರಸ್ತೆ, ಪಶ್ಚಿಮ ಗೇಟಿನಿಂದ ಆರ್.ವಿ. ಟೀಚರ್ಸ್ ಕಾಲೇಜು, ಅಲ್ಲಿಂದ ಅಶೋಕ ಪಿಲ್ಲರ್, ಅಶೋಕ ಪಿಲ್ಲರ್‌ನಿಂದ ಸಿದ್ದಾಪುರ ಜಂಕ್ಷನ್‌ವರೆಗೂ ಪಟ್ಟಿಯಲ್ಲಿ ಬರುತ್ತೆ. ಅಂದರೆ ಆ ದಿನಗಳಲ್ಲಿ ಲಾಲ್‌ಬಾಗ್ ಸುತ್ತ ರಸ್ತೆ ಬದಿಯಲ್ಲಿ ನಿಲ್ಲಿಸೋ ಹಾಗೇ ಇಲ್ಲ. ಸುತ್ತು ಹಾಕ್ತಾ ಹುಡುಕೋದು ಸುಮ್ನೆ ಪೆಟ್ರೋಲ್ ದಂಡ.

ಈಗ ನಾನು ಮಾಡೋದು. ಮನೆ ಬಿಡೋಕೆ ಮುಂಚೆ ಎರಡೇ ಪ್ರಶ್ನೆ ಕೇಳ್ಕೊಳ್ತೀನಿ. ಜೊತೆಯಲ್ಲಿ ಯಾರು ಬರ್ತಾರೆ, ವಾಪಸ್ ಬರುವಾಗ ಕೈಯಲ್ಲಿ ಏನಿರುತ್ತೆ. ಎಲ್ಲರೂ ಗೇಟಿಗೆ ಎಷ್ಟು ಹತ್ತಿರ ನಿಲ್ಲಿಸಬಹುದು ಅಂತ ನೋಡ್ತಾರೆ. ಹೋಗುವಾಗಿನ ದೂರ ಕಾಲಿಗೆ ಗೊತ್ತಾಗಲ್ಲ. 240 ಎಕರೆ ತೋಟದಲ್ಲಿ ಓಡಾಡಿ ಸುಸ್ತಾಗಿ, ಬಿಸಿಲು ಏರಿದ ಮೇಲೆ ಗಾಡಿವರೆಗೆ ಎಷ್ಟು ನಡೀಬೇಕು, ಅದನ್ನು ಮೊದಲು ಲೆಕ್ಕ ಹಾಕಬೇಕು. ಒಂದು ಗೇಟಿನಲ್ಲಿ ಗಾಡಿ ಬಿಟ್ಟು ಮಾತಾಡ್ತಾ ಮಾತಾಡ್ತಾ ಇನ್ನೊಂದು ಗೇಟಿನ ಹತ್ತಿರ ಹೋಗಿಬಿಟ್ಟರೆ ಮುಗೀತು. ನಾವು ಒಂದು ಸಲ ಹಾಗೆ ದಕ್ಷಿಣಕ್ಕೆ ಕೆರೆ ಕಡೆ ಹೋಗಿಬಿಟ್ಟಿದ್ದೆವು. ವಾಪಸ್ ಬರುವಾಗ ಅಮ್ಮ ಪ್ರತಿ ಕಲ್ಲು ಬೆಂಚಿನ ಮೇಲೂ ಕೂತರು. ಆರು ಬೆಂಚು. ನಾನು ಎಣಿಸಿದ್ದೆ, ಏಕೆಂದರೆ ಪ್ರತಿ ಸಲ ಕೂರುವಾಗ ಅವರು ಮಂಡಿ ಮೇಲೆ ಕೈ ಊರಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು, ಅದು ನನಗೆ ಇನ್ನೂ ನೆನಪಿದೆ.

ಮಾಮೂಲಿ ದಿನ ಅಮ್ಮನ ಜೊತೆ ಹೋದರೆ ಡಬಲ್ ರೋಡ್ ಗೇಟ್. ಗಾಡಿ ನಿಲ್ಲಿಸೋಕೆ ಒಳಗೆ ಜಾಗ ಇದೆ, ಬಂಡೆ ಹತ್ತಿರ. ನಡೆಯೋಕೆ ಆಗದಿದ್ದರೆ ಒಳಗೆ ಬ್ಯಾಟರಿ ಗಾಡಿಗಳೂ ಓಡಾಡ್ತವೆ. ತೋಟ ಬೆಳಗ್ಗೆ 6ಕ್ಕೆ ತೆಗೀತಾರೆ, ನಾವು ಆರೂಕಾಲಕ್ಕೆಲ್ಲ ಅಲ್ಲಿರ್ತೀವಿ. ಭಾನುವಾರ ಎಂಟು ಗಂಟೆ ದಾಟಿದರೆ ನಾನು ಆ ಕಡೆ ಕಾರು ತೆಗೆದುಕೊಂಡು ಹೋಗೋದೇ ಇಲ್ಲ. ವಾಕಿಂಗ್‌ನವರು, ಮಕ್ಕಳನ್ನು ಕರ್ಕೊಂಡು ಬಂದವರು, ಲಾಲ್‌ಬಾಗ್ ರಸ್ತೆಯಲ್ಲಿ ಎಂಟಿಆರ್‌ಗೆ ತಿಂಡಿಗೆ ಬಂದವರು, ಎಲ್ಲರೂ ಒಟ್ಟಿಗೆ ಸೇರ್ತಾರೆ. ವಾರದ ನಡುವೆ ಬುಧವಾರವೋ ಗುರುವಾರವೋ ಹೋದರೆ ಏಳೂವರೆಗೂ ಆರಾಮಾಗಿ ಜಾಗ ಸಿಗುತ್ತೆ.

ನಿಲ್ಲಿಸುವಾಗ ಒಂದು ವಿಷಯ. ಬಿಸಿಲು ಅಂತ ದೊಡ್ಡ ಮರದ ಕೆಳಗೆ ನಿಲ್ಲಿಸಬೇಕು ಅನ್ನಿಸುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ನಾನು ನಿಲ್ಲಿಸಲ್ಲ. ಆಗ ಬೆಂಗಳೂರಿನಲ್ಲಿ ಸಂಜೆ ಗಾಳಿ ಮಳೆ ಬಂದರೆ ಕೊಂಬೆ ಮುರಿದು ಬೀಳೋದು ಮಾಮೂಲಿ. ಸೀಟು ಬಿಸಿಯಾದರೆ ಆಗಲಿ, ಟವೆಲ್ ಹಾಸಿಕೊಂಡು ಕೂರಬಹುದು.

ಇನ್ನು ದುಡ್ಡಿನ ವಿಷಯ. ಒಳಗೆ ಹೋಗೋ ಟಿಕೆಟ್ ಬೇರೆ, ಗಾಡಿ ಚೀಟಿ ಬೇರೆ. ನಾನು ದುಡ್ಡು ಕೊಡೋಕೆ ಮುಂಚೆ ದರದ ಬೋರ್ಡ್ ಎಲ್ಲಿದೆ ಅಂತ ನೋಡ್ತೀನಿ. ಬೋರ್ಡ್ ಕಾಣದಿದ್ದರೆ ಕೇಳ್ತೀನಿ, "ಎಷ್ಟು ಗಂಟೆಗೆ ಎಷ್ಟು ಅಣ್ಣಾ?" ಅಂತ. ಗಂಟೆ ಲೆಕ್ಕ ಇರುವ ಕಡೆ ಹತ್ತು ನಿಮಿಷ ಜಾಸ್ತಿ ಆದರೂ ಮುಂದಿನ ದರ ಬೀಳುತ್ತೆ, ಅದಕ್ಕೆ ಚೀಟಿ ಮೇಲಿನ ಸಮಯ ನೋಡಿ ಫೋನಿನಲ್ಲಿ ಅಲಾರಂ ಇಟ್ಟುಬಿಡ್ತೀನಿ, ಕಾಲು ಗಂಟೆ ಮುಂಚೆಗೆ. ಕೈಯಲ್ಲಿ ಹತ್ತು, ಇಪ್ಪತ್ತು, ಐವತ್ತರ ನೋಟು ಇರಲೇಬೇಕು. ಕ್ಯೂಆರ್ ಕೋಡ್ ಇದ್ದರೂ ಜನ ಜಾಸ್ತಿ ಇದ್ದ ದಿನ ನೆಟ್‌ವರ್ಕ್ ಸಿಗಲ್ಲ, ಚಕ್ರ ತಿರುಗ್ತಾನೇ ಇರುತ್ತೆ, ಹಿಂದೆ ಹತ್ತು ಕಾರು ನಿಂತಿರುತ್ತೆ. ಸ್ಕ್ಯಾನ್ ಮಾಡಿದರೆ ಪರದೆ ಮೇಲೆ ಯಾರ ಹೆಸರು ಬರುತ್ತೆ ಅಂತ ಓದಿ ಆಮೇಲೆ ಕಳಿಸಿ.

ಚೀಟಿ ಕಳೆದುಕೊಂಡು ಒಂದು ಸಲ ಕಷ್ಟಪಟ್ಟಿದ್ದೀನಿ. ಇಲ್ಲಲ್ಲ, ಬೇರೆ ಒಂದು ಕಡೆ. ಬಾಗಿಲ ಹತ್ತಿರ ಬಂದಾಗ ಪರ್ಸ್‌ನಲ್ಲಿ ಇಲ್ಲ, ಜೇಬಿನಲ್ಲಿ ಇಲ್ಲ. ಒಂದೂವರೆ ಗಂಟೆ ನಿಲ್ಲಿಸಿದ್ದಕ್ಕೆ ಇಡೀ ದಿನದ ದುಡ್ಡು ಕೊಟ್ಟು ಬಂದೆ. ಅವತ್ತಿನಿಂದ ಚೀಟಿ ಕೈಗೆ ಬಂದ ಕೂಡಲೇ ಒಂದು ಫೋಟೋ ತೆಗೆದು, ಚೀಟಿಯನ್ನು ಅಮ್ಮನ ಕನ್ನಡಕದ ಡಬ್ಬಿಯಲ್ಲಿ ಇಡ್ತೀನಿ. ಅಮ್ಮ ಕನ್ನಡಕ ಮರೆತರೂ ಆ ಡಬ್ಬಿ ಮರೆಯಲ್ಲ. ಡಬ್ಬಿ ತೆಗೆದಾಗಲೆಲ್ಲ ಚೀಟಿ ಇದೆಯಾ ಅಂತ ಅವರೇ ನೋಡ್ತಾರೆ, ಮಡಚಿ ಮತ್ತೆ ಕನ್ನಡಕದ ಬಟ್ಟೆ ಕೆಳಗೆ ತಳ್ಳುತ್ತಾರೆ.

ಪ್ರದರ್ಶನದ ದಿನ ಪಕ್ಕದ ಒಂದು ಗಲ್ಲಿಯಲ್ಲಿ ಸೀಟಿ ಹಿಡಿದುಕೊಂಡು ನಿಂತಿದ್ದ ಹುಡುಗ ಕೈ ಬೀಸಿ ಕರೆದಿದ್ದ.

"ಮೇಡಂ, ಇಲ್ಲೇ ಹಾಕಿ, ನೂರು ರೂಪಾಯಿ."

"ಚೀಟಿ ಕೊಡ್ತೀರಾ?"

"ಚೀಟಿ ಎಲ್ಲ ಯಾಕೆ ಮೇಡಂ, ನಾನೇ ಇಲ್ಲೇ ಇರ್ತೀನಲ್ಲ."

ಯಾರದೋ ಮನೆ ಗೇಟಿಗೆ ಅರ್ಧ ಅಡ್ಡ ಇತ್ತು ಆ ಜಾಗ. ನಾನು ಬೇಡಪ್ಪ ಅಂತ ಮುಂದೆ ಹೋದೆ. ಚೀಟಿ ಇಲ್ಲ ಅಂದರೆ ಆ ನೂರು ರೂಪಾಯಿಗೆ ಯಾರೂ ಜವಾಬ್ದಾರರಲ್ಲ. ನೀವು ವಾಪಸ್ ಬರುವಷ್ಟರಲ್ಲಿ ಆ ಹುಡುಗ ಇರಲ್ಲ, ಮನೆಯವರು ಮಾತ್ರ ಗೇಟಿನಲ್ಲಿ ನಿಂತಿರ್ತಾರೆ. ಅವರ ಮನೆಯಲ್ಲೂ ಆಸ್ಪತ್ರೆಗೆ ಹೊರಟವರು ಇರಬಹುದು ಅಲ್ವಾ?

ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನ ಆ ಪ್ರದರ್ಶನದ ದಿನಗಳಿಗೆ ನನ್ನ ಹತ್ತಿರ ಎರಡು ದಾರಿ ಇದೆ. ಒಂದು, ಶಾಂತಿನಗರದ ಬಿಎಂಟಿಸಿ ಬಹುಮಹಡಿ ಪಾರ್ಕಿಂಗ್. ಡಬಲ್ ರೋಡ್‌ನಲ್ಲೇ ಇದೆ, ಕಾರೂ ಬೈಕೂ ಎರಡೂ ನಿಲ್ಲಿಸಬಹುದು. ಅಲ್ಲಿಂದ ಗೇಟಿಗೆ ನನ್ನ ನಡಿಗೆಗೆ ಕಾಲು ಗಂಟೆ, ಅಮ್ಮ ಇದ್ದರೆ ಆಟೋ. ಗಾಡಿ ನಿಲ್ಲಿಸಿದ ಕೂಡಲೇ ಪಕ್ಕದ ಕಂಬದ ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ಮಹಡಿ ಅನ್ನೋದು ಮೂರು ಗಂಟೆ ಆದ ಮೇಲೆ ಖಂಡಿತ ನೆನಪಿರಲ್ಲ. ಬೈಕಿನವರಿಗೆ ಅಲ್-ಅಮೀನ್ ಕಾಲೇಜಿನ ಆವರಣ, ಕಾರಿನವರಿಗೆ ಹಾಪ್‌ಕಾಮ್ಸ್ ಜಾಗ, ಜೆ.ಸಿ. ರಸ್ತೆಯಲ್ಲಿ ಪಾಲಿಕೆಯ ಜಾಗ, ಇವನ್ನೂ ಪೊಲೀಸರು ಹೇಳಿದ್ದುಂಟು. ನಾನು ಶಾಂತಿನಗರವನ್ನೇ ನೆಚ್ಚಿಕೊಂಡಿದ್ದೀನಿ, ಸುಸ್ತಾದ ಮೇಲೆ ಗಾಡಿಯ ಮೇಲೆ ಬಿಸಿಲಿರಲ್ಲ ಅನ್ನೋ ಕಾರಣಕ್ಕೆ.

ಎರಡನೆಯದು ನನಗೆ ಜಾಸ್ತಿ ಇಷ್ಟ. ಬನಶಂಕರಿ ಬಸ್ ನಿಲ್ದಾಣದ ಕಟ್ಟಡದಲ್ಲಿ ಗಾಡಿ ನಿಲ್ಲಿಸಿ, ಪಕ್ಕದ ಮೆಟ್ರೋ ಹತ್ತೋದು. ಆರ್.ವಿ. ರಸ್ತೆ, ಜಯನಗರ, ಸೌತ್ ಎಂಡ್, ಆಮೇಲೆ ಲಾಲ್‌ಬಾಗ್. ಹಸಿರು ಮಾರ್ಗದ ಈ ಭಾಗ 2017ರ ಜೂನ್‌ನಲ್ಲಿ ಶುರುವಾಯಿತು, ಆದರೂ ನಾನು ಎಷ್ಟೋ ವರ್ಷ ಕಾರಿನಲ್ಲೇ ಹೋಗಿ ಒದ್ದಾಡಿದ್ದೀನಿ. ನಿಲ್ದಾಣದಲ್ಲಿ ಲಿಫ್ಟ್ ಇದೆ, ಇಳಿದರೆ ಪಶ್ಚಿಮ ಗೇಟ್ ಹತ್ತಿರ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ ಕಡೆಯವರಿಗೂ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಬಂದಿದೆ, ಆರ್.ವಿ. ರಸ್ತೆಯಲ್ಲಿ ಬದಲಾಯಿಸಿದರೆ ಮೂರನೇ ನಿಲ್ದಾಣ ಲಾಲ್‌ಬಾಗ್. ಕಬ್ಬನ್ ಪಾರ್ಕ್‌ಗಂತೂ ಭಾನುವಾರ ನಾನು ಕಾರಿನ ಯೋಚನೆಯನ್ನೇ ಮಾಡಲ್ಲ. ಅವತ್ತು ಪಾರ್ಕಿನೊಳಗಿನ ರಸ್ತೆಗಳಲ್ಲಿ ವಾಹನ ಬಿಡಲ್ಲ, ಅಲ್ಲಿಗೂ ಮೆಟ್ರೋನೇ.

ಮೆಟ್ರೋ ಕೈಕೊಡೋದು ಲಾಲ್‌ಬಾಗ್‌ನ ಮಾವಿನ ಮೇಳದ ದಿನ. ಒಂದು ಸಲ ಸುಲಭ ಆಗುತ್ತೆ ಅಂತ ಮೆಟ್ರೋದಲ್ಲಿ ಹೋಗಿ, ಆಸೆಗೆ ಮೂರು ಕೆಜಿಯ ನಾಲ್ಕು ಡಬ್ಬ ಕೊಂಡೆ. ಬಾದಾಮಿ ಎರಡು, ಮಲ್ಲಿಕಾ ಒಂದು, ಅಕ್ಕನ ಮನೆಗೆ ಅಂತ ರಸಪೂರಿ ಒಂದು. ಹನ್ನೆರಡು ಕೆಜಿ. ದಾರದ ಗುರುತು ಬೆರಳಿನಲ್ಲಿ ಸಂಜೆವರೆಗೂ ಇತ್ತು, ರಸಪೂರಿ ಡಬ್ಬದ ತಳ ಒದ್ದೆಯಾಗಿ ಮೆಟ್ಟಿಲ ಮೇಲೆ ಎರಡು ಹಣ್ಣು ಉರುಳಿ ಹೋದವು. ಈಗ ಮೇಳಕ್ಕೆ ವಾರದ ದಿನ ಕಾರಿನಲ್ಲೇ ಹೋಗ್ತೀನಿ. ಗಾಡಿ ನಿಲ್ಲಿಸಿ ಮೊದಲು ಪೂರ್ತಿ ತಿರುಗಾಡಿ, ಹಣ್ಣು ಕೊನೆಗೆ ಕೊಂಡು ನೇರ ಡಿಕ್ಕಿಗೆ ಹಾಕೋದು. ಅಮ್ಮ ಮಳಿಗೆಯ ಹತ್ತಿರವೇ ನೆರಳಿನಲ್ಲಿ ಕೂತಿರ್ತಾರೆ, ನಾನು ಎರಡು ಸಲ ಓಡಾಡ್ತೀನಿ.

ಪ್ರದರ್ಶನಕ್ಕೆ ಮೆಟ್ರೋದಲ್ಲಿ ಹೋಗುವವರಿಗೆ ಒಂದು ಮಾತು, ವಾಪಸ್ ಟಿಕೆಟಿನ ಬಗ್ಗೆ. ಸಂಜೆ ಲಾಲ್‌ಬಾಗ್ ನಿಲ್ದಾಣದಲ್ಲಿ ಕ್ಯೂ ಮೆಟ್ಟಿಲವರೆಗೂ ಬಂದಿರುತ್ತೆ. ಆ ದಿನಗಳಲ್ಲಿ ಅಲ್ಲಿ 30 ರೂಪಾಯಿಯ ಕಾಗದದ ಟಿಕೆಟ್ ಮಾರಿದ್ದೂ ಉಂಟು, ಇದ್ದರೆ ಬೆಳಗ್ಗೆ ಇಳಿದ ಕೂಡಲೇ ತಗೊಂಡುಬಿಡಿ. ಇಲ್ಲದಿದ್ದರೆ ಕಾರ್ಡ್ ಇಟ್ಕೊಳ್ಳಿ, ಹಿಂದಿನ ರಾತ್ರಿಯೇ ದುಡ್ಡು ಹಾಕಿ. ನಾನು ಕಾರ್ಡನ್ನೂ ಬನಶಂಕರಿಯ ಗಾಡಿ ಚೀಟಿಯನ್ನೂ ಒಟ್ಟಿಗೆ ಅದೇ ಕನ್ನಡಕದ ಡಬ್ಬಿಯಲ್ಲಿ ಇಡ್ತೀನಿ.