ಹಳೇ ಮಾವಿನ ತೋಪು ಉಳಿಸಿಕೊಳ್ಳುವುದು ಹೇಗೆ?

ಮಾವಿನ ತೋಪು ಕಡಿದು ಅಡಿಕೆ ಹಾಕುವುದು ಚನ್ನಗಿರಿ, ಹೊಳಲ್ಕೆರೆ ಕಡೆ ಮಾಮೂಲಾಗಿಬಿಟ್ಟಿದೆ. ಅಡಿಕೆಯಲ್ಲಿ ದುಡ್ಡಿದೆ, ನಿಜ. ಆದರೆ ಅಜ್ಜನ ಕಾಲದ ನಾಟಿ ಮಾವು ಉರುಳಿದರೆ ಅದರ ಪೊಟರೆಯೂ ಹೋಯಿತು. ಮರದಲ್ಲಿ ಪೊಟರೆ ಬೀಳಲು ಹತ್ತಾರು ವರ್ಷ ಬೇಕು. ನಿಮ್ಮ ಹೊಲದಲ್ಲಿ ನಾಲ್ಕೇ ಹಳೇ ಮರ ಇದ್ದರೂ ಸಾಕು, ಹೀಗೆ ಮಾಡಿ.

ಮೊದಲು ಬೆಳಿಗ್ಗೆ, ಮುಸ್ಸಂಜೆ ಮರದಡಿ ಸುಮ್ನೆ ಕೂತು ನೋಡಿ. ಒಣಕೊಂಬೆಯಲ್ಲಿ ದುಂಡನೆ ತೂತು ಕಂಡರೆ ಅದು ಕುಟುರ ಹಕ್ಕಿ ಇಲ್ಲವೇ ಮರಕುಟಿಗ ಕೊರೆದದ್ದು. ಅವು ಬಿಟ್ಟುಹೋದ ಗೂಡಿಗೆ ಗಿಣಿ, ಗೊರವಂಕ ಬರುತ್ತವೆ. ದೊಡ್ಡ ಪೊಟರೆಯಲ್ಲಿ ಹಾಲಕ್ಕಿ ಗೂಬೆ ಇರುತ್ತದೆ. ಹೊಲದ ಇಲಿ, ದುಂಬಿಗಳೇ ಅದರ ಊಟ. ಅದನ್ನು ಅಪಶಕುನ ಅಂತ ಓಡಿಸಬೇಡಿ. ಬಾವಲಿ ಹಣ್ಣು ತಿನ್ನುವುದು ಸುಳ್ಳಲ್ಲ. ಆದರೆ ಇಪ್ಪೆ ಹೂವಿಗೆ ಪರಾಗ ಮುಟ್ಟಿಸುವುದು, ಬೀಜವನ್ನು ದೂರ ಒಯ್ದು ಬೀಳಿಸುವುದೂ ಅದೇ. ಚಿತ್ರದುರ್ಗದ ಜೋಗಿಮಟ್ಟಿಯಂಥ ಕಾಡಿನ ಅಂಚಿನಲ್ಲಿ ತೋಪಿದ್ದರೆ ಪುನುಗು ಬೆಕ್ಕೂ ಬರಬಹುದು.

ಪೊಟರೆ ಇರುವ ಮರಕ್ಕೆ ಸುಣ್ಣದ ಗುರುತು ಹಾಕಿ. ಫಸಲು ಗುತ್ತಿಗೆ ಹಿಡಿದವರಿಗೂ, ಸೌದೆಯವರಿಗೂ ಮೊದಲೇ ಹೇಳಿಬಿಡಿ.

ಕೊಂಬೆ ಸವರುವುದನ್ನು ಕಾಯಿ ಇಳಿಸಿದ ಮೇಲೆ, ಜೂನ್ ಕೊನೆ ಇಲ್ಲವೇ ಜುಲೈಗೆ ಇಟ್ಟುಕೊಳ್ಳಿ. ಜನವರಿಯಿಂದ ಮೇವರೆಗೆ ಪೊಟರೆಗಳಲ್ಲಿ ಮರಿ ಇರುವ ಕಾಲ. ದಾರಿ, ಮನೆ ಮೇಲೆ ಬೀಳುವಂಥ ಒಣಕೊಂಬೆ ಮಾತ್ರ ತೆಗೆಯಿರಿ. ಉಳಿದದ್ದು ಮರದಲ್ಲೇ ಇರಲಿ. ಬದನಿಕೆ, ಅಂದರೆ ಕೊಂಬೆಗೆ ಅಂಟಿ ಮರದ ಸಾರ ಹೀರುವ ಗಿಡ, ಹತ್ತಿದ್ದರೆ ಅದು ಅಂಟಿದ ಜಾಗದಿಂದ ಒಂದಡಿ ಕೆಳಕ್ಕೆ ಕೊಂಬೆ ಕತ್ತರಿಸಿ. ಬರೀ ಬದನಿಕೆಯ ಎಲೆ ಕಿತ್ತರೆ ಅದು ಮತ್ತೆ ಚಿಗುರುತ್ತದೆ. ಕತ್ತರಿಸಿದ ಕಡೆ ಬೋರ್ಡೊ ಮುಲಾಮು ಹಚ್ಚಿ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 10 ಲೀಟರ್ ನೀರು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ.

ತರಗೆಲೆಗೆ ಬೆಂಕಿ ಇಡಲೇಬೇಡಿ. ಬುಡದಿಂದ ಸ್ವಲ್ಪ ದೂರ ಹರವಿದರೆ ನಮ್ಮ ಒಣಸೀಮೆಯಲ್ಲಿ ತೇವ ಉಳಿಯುತ್ತದೆ. ಕತ್ತಾಳೆ, ಕಳ್ಳಿಯ ಹಳೇ ಬೇಲಿ ಕಿತ್ತು ತಂತಿ ಎಳೆಯುವುದೂ ಬೇಡ. ಕೌಜುಗ, ಮುಂಗುಸಿ ಅಡಗುವುದು ಅಲ್ಲೇ ಅಲ್ವಾ? ಹೂ ಅರಳಿದಾಗ ಕೀಟನಾಶಕ ಹೊಡೆಯಬೇಡಿ. ಮಾವಿನ ಹೂವಿಗೆ ಪರಾಗ ಮುಟ್ಟಿ ಕಾಯಿ ನಿಲ್ಲುವುದು ನೊಣ, ಜೇನುಗಳಿಂದ.

ಮರ ತೀರಾ ಮುಪ್ಪಾಗಿದ್ದರೆ ಈ ಮಳೆಗಾಲದಲ್ಲೇ ಕಸಿ ಕಟ್ಟಿ. ವಾಟೆ (ಮಾವಿನ ಬೀಜ) ಊರಿದರೆ ಅದೇ ರುಚಿಯ ಹಣ್ಣು ಬರುವ ಖಾತರಿ ಇಲ್ಲ. ಆ ಹಳೇ ಮರದಲ್ಲೇ ಮೂರ್ನಾಲ್ಕು ತಿಂಗಳ, ಪೆನ್ಸಿಲ್ ದಪ್ಪದ ಕುಡಿ ಆರಿಸಿ. ವಾರ–ಹತ್ತು ದಿನ ಮೊದಲೇ ಅದರ ಎಲೆ ಕತ್ತರಿಸಿ, ತೊಟ್ಟು ಮಾತ್ರ ಬಿಡಿ. ಆಮೇಲೆ ಕುಡಿ ಕೊಯ್ದು, ಬುಡವನ್ನು ಎರಡೂ ಕಡೆ ಬೆಣೆಯಂತೆ ಹೆರೆಯಿರಿ. ವಾಟೆಯಿಂದ ಮೊಳೆತ 10–15 ದಿನದ ಸಸಿಯ ತಲೆ ಕತ್ತರಿಸಿ, ಸೀಳಿ, ಅದರೊಳಗೆ ಕೂರಿಸಿ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ ನೆರಳಲ್ಲಿಡಿ. ಎಲ್ಲವೂ ಹತ್ತುವುದಿಲ್ಲ, ಆದ್ದರಿಂದ ಜಾಸ್ತಿ ಸಸಿಗೇ ಕಟ್ಟಿ.

ಇನ್ನೊಂದು ಕೆಲಸ ಪಂಚಾಯಿತಿಯಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಅಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ತಳಿಗಳನ್ನು ದಾಖಲಿಸಬೇಕು. ನಿಮ್ಮ ಮರದ ಹೆಸರು, ಹಣ್ಣಾಗುವ ತಿಂಗಳು, ಉಪ್ಪಿನಕಾಯಿಗೋ ಸೀಕರಣೆಗೋ ಎಂಬುದನ್ನು ಬರೆದುಕೊಟ್ಟು, ದಾಖಲೆಗೆ ಸೇರಿಸಿ ಎಂದು ಕೇಳಿ.