ಪ್ರಿಂಟರ್ ಐಕಾನ್ ಅಳಿಸಿದರೆ ಸಾಲದು, ಡ್ರೈವರ್ ಕೀಳಬೇಕು

ಪ್ರಿಂಟ್ ಕೊಟ್ಟ ಕೂಡಲೇ ‘ಪ್ರಿಂಟ್ ಸ್ಪೂಲರ್ ಸರ್ವೀಸ್ ಈಸ್ ನಾಟ್ ರನ್ನಿಂಗ್’ ಅಂತ ಪರದೆ ಮೇಲೆ ಬಂದರೆ ಬಹಳ ಜನ ಮಾಡುವುದು ಒಂದೇ ಕೆಲಸ. ಸೆಟ್ಟಿಂಗ್ಸ್‌ಗೆ ಹೋಗಿ ಪ್ರಿಂಟರನ್ನು ತೆಗೆಯುತ್ತಾರೆ, ಮತ್ತೆ ಸೇರಿಸುತ್ತಾರೆ. ಅವತ್ತು ಪ್ರಿಂಟ್ ಬರುತ್ತದೆ. ಮಾರನೇ ದಿನ ಮತ್ತೆ ಅದೇ ಗೋಳು. ‘ಡಿಲೀಟ್ ಮಾಡಿ ಹೊಸದಾಗಿ ಹಾಕ್ದೆ ಸಾರ್, ಆದ್ರೂ ಹಂಗೇ ಆಗ್ತಿದೆ’ ಅನ್ನುವ ಮಾತು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೇಳಿ ಕೇಳಿ ನನಗೆ ಅಭ್ಯಾಸವಾಗಿದೆ. ಅವರು ಅಳಿಸಿದ್ದು ಐಕಾನ್ ಮಾತ್ರ. ಕೆಟ್ಟುಹೋದ ಡ್ರೈವರ್, ಅಂದರೆ ಪ್ರಿಂಟರ್ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್, ಒಳಗೇ ಉಳಿದಿರುತ್ತದೆ. ಬಾಡಿಗೆಯವರು ಮನೆ ಖಾಲಿ ಮಾಡದೆ, ಗೇಟಿನ ಮೇಲಿನ ಹೆಸರಿನ ಬೋರ್ಡು ಮಾತ್ರ ಬಿಚ್ಚಿದ ಹಾಗೆ. ಹೊಸದಾಗಿ ಪ್ರಿಂಟರ್ ಸೇರಿಸಿದಾಗ ವಿಂಡೋಸ್ ಅದೇ ಹಳೆಯ ಡ್ರೈವರನ್ನು ಎತ್ತಿ ಮತ್ತೆ ಜೋಡಿಸುತ್ತದೆ.

ಸ್ಪೂಲರ್ ಅಂದರೆ ವಿಂಡೋಸ್‌ನ ಹಿನ್ನೆಲೆಯಲ್ಲಿ ಓಡುವ ಒಂದು ಪ್ರೋಗ್ರಾಂ. ನೀವು ಕೊಟ್ಟ ಪ್ರಿಂಟನ್ನು ಹಾರ್ಡ್‌ಡಿಸ್ಕಿನಲ್ಲಿ ಫೈಲಾಗಿ ಇಟ್ಟುಕೊಂಡು, ಸಾಲಿನಲ್ಲಿ ಒಂದೊಂದಾಗಿ ಪ್ರಿಂಟರಿಗೆ ಕಳಿಸುವುದು ಅದರ ಕೆಲಸ. ಪ್ರಿಂಟರ್ ಕಂಪನಿಯ ಡ್ರೈವರ್ ಇದರ ಒಳಗೇ ಕೂತು ಕೆಲಸ ಮಾಡುವುದುಂಟು. ಹಾಗಾಗಿ ಡ್ರೈವರ್ ಬಿದ್ದರೆ ಸ್ಪೂಲರೂ ಬೀಳುತ್ತದೆ. ಇಲ್ಲಿ ಹೇಳುವುದು ವಿಂಡೋಸ್ 10 ಮತ್ತು 11 ಎರಡಕ್ಕೂ ಹೊಂದುತ್ತದೆ.

ಇವತ್ತು ರಾತ್ರಿಯೇ ಮಗಳ ಹಾಲ್ ಟಿಕೆಟ್ ಪ್ರಿಂಟ್ ಬೇಕು ಅಂತಿದ್ದರೆ ಈ ಕೆಲಸಕ್ಕೆ ಈಗ ಕೈ ಹಾಕಬೇಡಿ. ವೈ-ಫೈ ಪ್ರಿಂಟರಾದರೆ ಮೊಬೈಲ್‌ನಿಂದ ನೇರ ಕೊಡಿ, ಅದಕ್ಕೆ ವಿಂಡೋಸ್ ಬೇಕಿಲ್ಲ. ಇಲ್ಲದಿದ್ದರೆ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿ ಬನ್ನಿ. ರಿಪೇರಿಗೆ ಒಂದು ಭಾನುವಾರದ ಬೆಳಿಗ್ಗೆ ಇಟ್ಟುಕೊಳ್ಳಿ.

ಮೊದಲು, ತಪ್ಪು ಯಾರದು ನೋಡಿ

ನೋಟ್‌ಪ್ಯಾಡ್ ತೆರೆದು ನಾಲ್ಕು ಅಕ್ಷರ ಟೈಪ್ ಮಾಡಿ ಪ್ರಿಂಟ್ ಕೊಡಿ. ಅದು ಸರಿಯಾಗಿ ಬಂದು, ಯಾವುದೋ ಒಂದು ಪಿಡಿಎಫ್ ಕೊಟ್ಟಾಗ ಮಾತ್ರ ಸ್ಪೂಲರ್ ಬೀಳುತ್ತಿದ್ದರೆ ಡ್ರೈವರ್ ಕೀಳುವ ಆತುರ ಬೇಡ. ಅಡೋಬಿ ರೀಡರ್‌ನಲ್ಲಿ ಪ್ರಿಂಟ್ ಒತ್ತಿದಾಗ ‘ಅಡ್ವಾನ್ಸ್ಡ್’ ಅಂತ ಬಟನ್ ಇದೆ. ಅದರೊಳಗೆ ‘ಪ್ರಿಂಟ್ ಆ್ಯಸ್ ಇಮೇಜ್’ಗೆ ಟಿಕ್ ಹಾಕಿ. ಆಗ ಪುಟವೆಲ್ಲ ಚಿತ್ರವಾಗಿ ಹೋಗುತ್ತದೆ. ಫಾಂಟ್ ಕಿರಿಕಿರಿ ಇರುವ ಫೈಲುಗಳು ಇದರಿಂದ ಎಷ್ಟೋ ಸಲ ಸುಮ್ನೆ ಬಂದುಬಿಡುತ್ತವೆ.

ನೋಟ್‌ಪ್ಯಾಡ್ ಕೂಡ ಬಾರದಿದ್ದರೆ ಮುಂದೆ ಓದಿ.

ಸ್ಟಾರ್ಟ್ ಒತ್ತಿ ಇಂಗ್ಲಿಷಿನಲ್ಲಿ ‘ಸರ್ವೀಸಸ್’ ಅಂತ ಟೈಪ್ ಮಾಡಿ ತೆರೆಯಿರಿ. ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಹುಡುಕಿ, ಅದರ ಸಾಲಿನಲ್ಲಿ ‘ಡಿಸೇಬಲ್ಡ್’ ಅಂತ ಇದೆಯಾ ನೋಡಿ. ಇದ್ದರೆ ಅದು ಕ್ರ್ಯಾಶ್ ಅಲ್ಲ, ಯಾರೋ ಬೇಕಂತಲೇ ನಿಲ್ಲಿಸಿದ್ದಾರೆ. 2021ರ ಜುಲೈನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಅನ್ನುವ ಭದ್ರತಾ ದೋಷ ಇದೇ ಸ್ಪೂಲರಿನಲ್ಲಿ ಬಯಲಾದಾಗ, ಸ್ಪೂಲರನ್ನೇ ನಿಲ್ಲಿಸಿ ಅನ್ನುವ ಸಲಹೆ ಎಲ್ಲ ಕಡೆ ಓಡಾಡಿತು. ದೋಷ ಸರಿಪಡಿಸುವ ಅಪ್‌ಡೇಟ್ ಬಂದ ಮೇಲೂ ಮತ್ತೆ ಆನ್ ಮಾಡಲು ಮರೆತವರಿದ್ದಾರೆ. ಡಬಲ್ ಕ್ಲಿಕ್ ಮಾಡಿ ‘ಆಟೊಮ್ಯಾಟಿಕ್’ಗೆ ಬದಲಿಸಿ ಸ್ಟಾರ್ಟ್ ಕೊಡಿ. ಅಲ್ಲಿಗೆ ಮುಗಿಯಿತು. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಮಾತ್ರ ಅವರನ್ನು ಕೇಳದೆ ಮುಟ್ಟಬೇಡಿ.

ಸಾಲು ಖಾಲಿ ಮಾಡಿ

ಕರೆಂಟ್ ಹೋಗಿ ಬಂದಾಗ ಅರ್ಧಕ್ಕೆ ನಿಂತ ಪ್ರಿಂಟುಗಳು ಸಾಲಿನಲ್ಲೇ ಸಿಕ್ಕಿಕೊಂಡಿರುತ್ತವೆ. ಸ್ಪೂಲರ್ ಎದ್ದ ತಕ್ಷಣ ಅವನ್ನೇ ಮತ್ತೆ ಓದಲು ಹೋಗಿ ಮತ್ತೆ ಬೀಳುತ್ತದೆ. ಸರ್ವೀಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟಾಪ್’ ಕೊಡಿ. ಆಮೇಲೆ ಸಿ ಡ್ರೈವ್, ಅದರಲ್ಲಿ ವಿಂಡೋಸ್, ಅದರಲ್ಲಿ ಸಿಸ್ಟಮ್32, ಅದರಲ್ಲಿ ಸ್ಪೂಲ್, ಅದರಲ್ಲಿ ಪ್ರಿಂಟರ್ಸ್ ಫೋಲ್ಡರಿಗೆ ಹೋಗಿ. ಅನುಮತಿ ಕೇಳಿದರೆ ‘ಕಂಟಿನ್ಯೂ’ ಒತ್ತಿ. ಒಳಗಿನ ಫೈಲುಗಳನ್ನೆಲ್ಲ ಅಳಿಸಿ.

ಒಳಗಿನ ಫೈಲುಗಳನ್ನು ಮಾತ್ರ. ಫೋಲ್ಡರ್ ಇರಲಿ. ಪಕ್ಕದಲ್ಲೇ ‘ಡ್ರೈವರ್ಸ್’ ಅಂತ ಇನ್ನೊಂದು ಫೋಲ್ಡರ್ ಇದೆ. ‘ಡ್ರೈವರ್ ತಾನೇ ಕೆಟ್ಟಿರೋದು’ ಅಂದುಕೊಂಡು ಅದನ್ನೇ ಅಳಿಸಿದವರನ್ನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಯಾವ ಪ್ರಿಂಟರೂ ನೆಟ್ಟಗೆ ಏಳಲಿಲ್ಲ. ಅದರ ಗೊಡವೆಗೆ ಹೋಗಬೇಡಿ.

ಈಗ ಸ್ಪೂಲರಿಗೆ ‘ಸ್ಟಾರ್ಟ್’ ಕೊಟ್ಟು ಪ್ರಿಂಟ್ ಮಾಡಿ ನೋಡಿ. ಸರಿಹೋದರೆ ನಿಮ್ಮ ಅದೃಷ್ಟ, ಈ ಪತ್ರಿಕೆ ಮಡಚಿಡಿ.

ಇಲ್ಲೊಂದು ಅಡ್ಡದಾರಿಯ ವಿಷಯ ಹೇಳಲೇಬೇಕು. ಸ್ಪೂಲರ್ ನಿಲ್ಲಿಸಿ, ಸಾಲು ಅಳಿಸಿ, ಮತ್ತೆ ಶುರು ಮಾಡುವ ಚಿಕ್ಕ ಬ್ಯಾಚ್ ಫೈಲ್ ಮಾಡಿ ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಂಡವರು ತುಂಬ ಜನ. ಯಾವಾಗಲೋ ಒಮ್ಮೆ ಸಾಲು ಸಿಕ್ಕಿಕೊಳ್ಳುವವರಿಗೆ ಅದು ಒಳ್ಳೆಯದೇ. ಆದರೆ ದಿನಾ ಬೆಳಿಗ್ಗೆ ಅದನ್ನು ಒತ್ತಿಯೇ ಪ್ರಿಂಟ್ ಕೊಡಬೇಕಾದ ಸ್ಥಿತಿ ಇದ್ದರೆ ಡ್ರೈವರ್ ಕೆಟ್ಟಿದೆ ಅಂತಲೇ ಅರ್ಥ.

ಯಾವ ಡ್ರೈವರ್ ಬೀಳಿಸುತ್ತಿದೆ

ಊಹೆ ಬೇಕಿಲ್ಲ, ವಿಂಡೋಸ್ ಬರೆದಿಟ್ಟಿರುತ್ತದೆ. ಸ್ಟಾರ್ಟ್‌ನಲ್ಲಿ ‘ಈವೆಂಟ್ ವ್ಯೂವರ್’ ತೆರೆದು, ವಿಂಡೋಸ್ ಲಾಗ್ಸ್, ಅದರಲ್ಲಿ ಅಪ್ಲಿಕೇಶನ್ ಒತ್ತಿ. ಕೆಂಪು ಗುರುತಿನ, ಈವೆಂಟ್ ಐಡಿ 1000 ಇರುವ ಸಾಲುಗಳನ್ನು ನೋಡಿ. ಕೆಳಗಿನ ವಿವರದಲ್ಲಿ ಬಿದ್ದ ಪ್ರೋಗ್ರಾಂ ಹೆಸರು ‘ಸ್ಪೂಲ್‌ಎಸ್‌ವಿ’ ಅಂತಿದ್ದರೆ ಅದೇ ನಮ್ಮ ಸ್ಪೂಲರ್. ಅದರ ಕೆಳಗೆ ‘ಫಾಲ್ಟಿಂಗ್ ಮಾಡ್ಯೂಲ್’ ಅಂತ ಒಂದು ಹೆಸರಿರುತ್ತದೆ. ಅದು ಎಚ್‌ಪಿ ಅಂತ ಶುರುವಾದರೆ ಎಚ್‌ಪಿಯದು, ಸಿಎನ್ ಅಂತ ಶುರುವಾದರೆ ಸಾಮಾನ್ಯವಾಗಿ ಕ್ಯಾನನ್‌ದು. ಎಷ್ಟೋ ಮನೆಗಳಲ್ಲಿ ಬೀಳಿಸುತ್ತಿರುವುದು ಈಗಿನ ಪ್ರಿಂಟರ್ ಅಲ್ಲವೇ ಅಲ್ಲ. ಗುಜರಿಗೆ ಹಾಕಿದ ಹಳೆಯ ಪ್ರಿಂಟರಿನ ಡ್ರೈವರ್ ಒಳಗೆ ಉಳಿದುಕೊಂಡಿರುತ್ತದೆ.

ಅಲ್ಲಿ ‘ಎನ್‌ಟಿಡಿಎಲ್ಎಲ್’ ಅಂತಿದ್ದರೆ ಅದು ವಿಂಡೋಸ್‌ನದೇ ಫೈಲು. ಅದರ ಮೇಲೆ ಅನುಮಾನ ಬೇಡ. ಬೇರೆ ಯಾರೋ ಮಾಡಿದ ತಪ್ಪು ಅಲ್ಲಿ ಕಾಣಿಸಿಕೊಳ್ಳುವುದೇ ಜಾಸ್ತಿ. ಆಗ ಬಳಸದ ಪ್ರಿಂಟರುಗಳ ಡ್ರೈವರನ್ನೆಲ್ಲ ಕೀಳಬೇಕು.

ಕೀಳುವ ಕೆಲಸ

ಎಡವುವುದು ಇಲ್ಲೇ. ಕ್ರಮ ಬಿಡದೆ ಮಾಡಿ.

ಯುಎಸ್‌ಬಿ ಕೇಬಲ್ ಕಿತ್ತಿಡಿ. ವೈ-ಫೈ ಪ್ರಿಂಟರಾದರೆ ಸ್ವಿಚ್ ಆಫ್ ಮಾಡಿ. ಕೇಬಲ್ ಇದ್ದರೆ ನೀವು ತೆಗೆಯುತ್ತಿದ್ದಂತೆ ವಿಂಡೋಸ್ ಹಿಂದಿನಿಂದ ಮತ್ತೆ ಜೋಡಿಸುತ್ತಾ ಬರುತ್ತದೆ.

ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಪ್ರಿಂಟರ್ ಕಂಪನಿಯ ಹೆಸರಿನಲ್ಲಿ ಏನೇನಿದೆಯೋ ಅದನ್ನೆಲ್ಲ ಮೊದಲು ಅನ್‌ಇನ್‌ಸ್ಟಾಲ್ ಮಾಡಿ. ಇಂಕ್ ಎಷ್ಟಿದೆ ಅಂತ ಮೂಲೆಯಲ್ಲಿ ತೋರಿಸುವ ಸ್ಟೇಟಸ್ ಮಾನಿಟರ್ ಡ್ರೈವರನ್ನು ಹಿಡಿದುಕೊಂಡಿರಬಹುದು. ಆಮೇಲೆ ಪ್ರಿಂಟರ್ಸ್ ಪುಟದಲ್ಲಿ ಆ ಪ್ರಿಂಟರನ್ನು ತೆಗೆಯಿರಿ. ‘ಕಾಪಿ 1’ ಅಂತ ಬಾಲ ಇರುವ ಇನ್ನೊಂದು ಇದ್ದರೆ ಅದೂ ಹೋಗಲಿ. ಕೇಬಲನ್ನು ಒಂದೊಂದು ದಿನ ಒಂದೊಂದು ಯುಎಸ್‌ಬಿ ತೂತಿಗೆ ಚುಚ್ಚುವವರ ಮನೆಯಲ್ಲಿ ಇಂಥ ಕಾಪಿಗಳು ಹುಟ್ಟುತ್ತವೆ. ಅದೇ ಪ್ರಿಂಟರಿನ ಫ್ಯಾಕ್ಸ್ ಅಂತ ಒಂದಿದ್ದರೆ ಅದನ್ನೂ ತೆಗೆಯಿರಿ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ.

ಸ್ಟಾರ್ಟ್‌ನಲ್ಲಿ ‘ಕಮಾಂಡ್ ಪ್ರಾಂಪ್ಟ್’ ಹುಡುಕಿ, ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ಕಪ್ಪು ಕಿಟಕಿಯಲ್ಲಿ ಇಂಗ್ಲಿಷಿನ ಚಿಕ್ಕಕ್ಷರದಲ್ಲಿ ಹೀಗೆ ಟೈಪ್ ಮಾಡಿ: ‘ಪ್ರಿಂಟ್‌ಯುಐ’, ಒಂದು ಸ್ಪೇಸ್, ಸ್ಲ್ಯಾಶ್, ‘ಎಸ್’, ಮತ್ತೆ ಸ್ಪೇಸ್, ಸ್ಲ್ಯಾಶ್, ‘ಟಿ2’. ಪ್ರಿಂಟ್ ಮತ್ತು ಯುಐ ನಡುವೆ ಜಾಗ ಬೇಡ. ಸ್ಲ್ಯಾಶ್ ಅಂದರೆ ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯಲ್ಲಿರುವ ಓರೆ ಗೆರೆ, ಇನ್ನೊಂದು ಕಡೆ ವಾಲಿದ್ದಲ್ಲ. ಎಂಟರ್ ಒತ್ತಿದರೆ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ಕಿಟಕಿ ಬರುತ್ತದೆ. ಅದರಲ್ಲಿ ‘ಡ್ರೈವರ್ಸ್’ ಟ್ಯಾಬ್ ತೆರೆಯಿರಿ. ವರ್ಷಗಳಿಂದ ಈ ಕಂಪ್ಯೂಟರಿಗೆ ಹಾಕಿದ ಡ್ರೈವರುಗಳೆಲ್ಲ ಅಲ್ಲಿ ಸಾಲಾಗಿ ಇರುತ್ತವೆ. ಮೊದಲ ಸಲ ನೋಡಿದವರು ಅಷ್ಟೊಂದು ಹೆಸರು ಕಂಡು ಬೆಚ್ಚುತ್ತಾರೆ.

ತಪ್ಪಿತಸ್ಥ ಹೆಸರನ್ನು ಆರಿಸಿ ‘ರಿಮೂವ್’ ಒತ್ತಿ. ಎರಡು ಆಯ್ಕೆ ಬರುತ್ತದೆ. ಮೊದಲನೆಯದು ಡ್ರೈವರ್ ಮಾತ್ರ ತೆಗೆಯುವುದು. ಎರಡನೆಯದು ಡ್ರೈವರ್ ಜೊತೆಗೆ ‘ಡ್ರೈವರ್ ಪ್ಯಾಕೇಜ್’ ಕೂಡ ತೆಗೆಯುವುದು. ಎರಡನೆಯದನ್ನೇ ಆರಿಸಿ. ಮೊದಲನೆಯದನ್ನು ಒತ್ತಿದರೆ ಪ್ಯಾಕೇಜ್ ವಿಂಡೋಸ್ ಉಗ್ರಾಣದಲ್ಲಿ ಉಳಿಯುತ್ತದೆ, ಕೇಬಲ್ ಚುಚ್ಚಿದ ಕ್ಷಣ ಹಳೆಯ ಡ್ರೈವರ್ ಮತ್ತೆ ಹಾಜರ್. ಇಷ್ಟು ಶ್ರಮವೂ ದಂಡ.

ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಹೆಸರಿನಿಂದ ಶುರುವಾಗುವವನ್ನು ಮುಟ್ಟಬೇಡಿ. ಪಿಡಿಎಫ್ ಆಗಿ ಉಳಿಸುವ ಸೌಲಭ್ಯ ಅದರಲ್ಲೇ ಇದೆ.

‘ಡ್ರೈವರ್ ಈಸ್ ಇನ್ ಯೂಸ್’ ಅಂತ ಬರುವ ಸಾಧ್ಯತೆ ಜಾಸ್ತಿ. ಬಹಳ ಜನ ಇಲ್ಲಿಗೆ ಕೈಬಿಡುತ್ತಾರೆ. ಬಿಡಬೇಡಿ. ವರ್ಡ್, ಎಕ್ಸೆಲ್, ಟ್ಯಾಲಿ, ಬ್ರೌಸರ್ ಎಲ್ಲ ಮುಚ್ಚಿ. ಟಾಸ್ಕ್ ಮ್ಯಾನೇಜರ್ ತೆರೆದು ‘ಡೀಟೇಲ್ಸ್’ನಲ್ಲಿ ‘ಸ್ಪ್ಲ್‌ವಾವ್64’ ಮತ್ತು ‘ಪ್ರಿಂಟ್ ಐಸೊಲೇಶನ್ ಹೋಸ್ಟ್’ ಇದ್ದರೆ ‘ಎಂಡ್ ಟಾಸ್ಕ್’ ಕೊಡಿ. ಮೊದಲನೆಯದು 32 ಬಿಟ್ ಪ್ರೋಗ್ರಾಂಗಳಿಗೆ 64 ಬಿಟ್ ಡ್ರೈವರಿನಲ್ಲಿ ಪ್ರಿಂಟ್ ಮಾಡಿಸುವ ಮಧ್ಯವರ್ತಿ. ಹಳೆಯ ಸಾಫ್ಟ್‌ವೇರ್ ತೆರೆದಿದ್ದರೆ ಅದು ಡ್ರೈವರನ್ನು ಹಿಡಿದುಕೊಂಡೇ ಇರುತ್ತದೆ. ಈಗ ಸರ್ವೀಸಸ್ ಕಿಟಕಿಯನ್ನೂ ಡ್ರೈವರ್ಸ್ ಕಿಟಕಿಯನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಡ್ರೈವರಿನ ಹೆಸರು ಆರಿಸಿಟ್ಟು, ಆ ಕಡೆ ಸ್ಪೂಲರಿಗೆ ‘ರೀಸ್ಟಾರ್ಟ್’ ಕೊಟ್ಟ ಮರುಕ್ಷಣ ಈ ಕಡೆ ‘ರಿಮೂವ್’ ಒತ್ತಿ. ಎದ್ದ ಸ್ಪೂಲರ್ ಡ್ರೈವರನ್ನು ಮತ್ತೆ ಕೈಗೆತ್ತಿಕೊಳ್ಳುವ ಮೊದಲು ನೀವು ಕೀಳಬೇಕು. ಮೊದಲ ಸಲ ಆಗದಿದ್ದರೆ ಇನ್ನೊಮ್ಮೆ ಮಾಡಿ.

ಸ್ಪೂಲರ್ ಎದ್ದ ಕ್ಷಣದಲ್ಲೇ ಬೀಳುತ್ತಿದ್ದರೆ ಈ ಪಟ್ಟಿಯೇ ತೆರೆಯುವುದಿಲ್ಲ. ಸಾಲು ನಿಜವಾಗಿ ಖಾಲಿ ಇದೆಯಾ ಇನ್ನೊಮ್ಮೆ ನೋಡಿ. ಖಾಲಿಯಿದ್ದೂ ಬೀಳುತ್ತಿದ್ದರೆ ಉಳಿದದ್ದು ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ, ತಿದ್ದುವ ದಾರಿ. ಅದನ್ನು ಪತ್ರಿಕೆ ಓದಿಕೊಂಡು ಮಾಡಬೇಡಿ, ಗೊತ್ತಿರುವವರನ್ನು ಮನೆಗೆ ಕರೆಸಿ. ಗೂಗಲ್‌ನಲ್ಲಿ ‘ಪ್ರಿಂಟರ್ ಕಸ್ಟಮರ್ ಕೇರ್’ ಅಂತ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ. ಕಂಪನಿಯ ಹೆಸರಿಟ್ಟುಕೊಂಡ ನಕಲಿಗಳು ಅಲ್ಲಿ ಸಿಗುತ್ತಾರೆ. ನಿಮ್ಮ ಕಂಪ್ಯೂಟರನ್ನು ದೂರದಿಂದ ತೆರೆಸಿಕೊಂಡು, ‘ವೈರಸ್ ಇದೆ ಮೇಡಂ’ ಅಂತ ಹೆದರಿಸಿ ದುಡ್ಡು ಕೀಳುತ್ತಾರೆ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೊಸ ಡ್ರೈವರ್

ಪ್ರಿಂಟರ್ ಡಬ್ಬದಲ್ಲಿ ಬಂದ ಸಿಡಿ ಬೇಡ. ‘ಎಲ್ಲ ಡ್ರೈವರ್ ನಾವೇ ಅಪ್‌ಡೇಟ್ ಮಾಡ್ತೀವಿ’ ಅನ್ನುವ ಉಚಿತ ಸಾಫ್ಟ್‌ವೇರ್ ಖಂಡಿತ ಬೇಡ. ಅವು ಒಂದು ಸರಿಮಾಡಿ ಮೂರು ಕೆಡಿಸುತ್ತವೆ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಮಾಡೆಲ್ ನಂಬರ್ ಹಾಕಿ ಇಳಿಸಿಕೊಳ್ಳಿ. ಅಲ್ಲಿ ದೊಡ್ಡದೊಂದು ‘ಫುಲ್ ಸಾಫ್ಟ್‌ವೇರ್’, ಚಿಕ್ಕದೊಂದು ‘ಬೇಸಿಕ್ ಡ್ರೈವರ್’ ಇದ್ದರೆ ಚಿಕ್ಕದೇ ಸರಿ. ದೊಡ್ಡದರಲ್ಲಿ ಇಂಕ್ ಮಾರುವ ಜಾಹೀರಾತು, ಫೋಟೊ ಆಲ್ಬಂ ಪ್ರೋಗ್ರಾಂ ಇಂಥವೇ ತುಂಬಿರುತ್ತವೆ. ಇನ್‌ಸ್ಟಾಲರ್ ‘ಈಗ ಕೇಬಲ್ ಹಾಕಿ’ ಅನ್ನುವವರೆಗೆ ಕೇಬಲ್ ಹಾಕಬೇಡಿ. ಮೊದಲೇ ಹಾಕಿದರೆ ವಿಂಡೋಸ್ ತನಗೆ ತೋಚಿದ ಡ್ರೈವರ್ ಜೋಡಿಸಿಬಿಡುತ್ತದೆ.

ಈಚಿನ ವೈ-ಫೈ ಪ್ರಿಂಟರ್ ಆಗಿದ್ದರೆ ಕಂಪನಿಯ ಡ್ರೈವರೇ ಬೇಕಾಗದೆ ಹೋಗಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಡ್ ಡಿವೈಸ್’ ಒತ್ತಿದರೆ ವಿಂಡೋಸ್ ತನ್ನದೇ ಐಪಿಪಿ ಅನ್ನುವ ಸಾಮಾನ್ಯ ಡ್ರೈವರಿನಲ್ಲಿ ಜೋಡಿಸುತ್ತದೆ. ನನ್ನ ಮತ ಇದಕ್ಕೇ. ಮೈಕ್ರೋಸಾಫ್ಟ್ ಕೂಡ ಇದೇ ದಾರಿ ಹಿಡಿದಿದೆ. ಪ್ರಿಂಟರ್ ಕಂಪನಿಗಳ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಅಂತ 2023ರ ಸೆಪ್ಟೆಂಬರ್‌ನಲ್ಲೇ ಅದು ಹೇಳಿದೆ.

ಆದರೆ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಇಂಥವಕ್ಕೆ ಈ ಮಾತು ನಡೆಯುವುದಿಲ್ಲ. ಊರಿನ ಜೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಗಟ್ಟಿ ಯಂತ್ರಗಳವು. ಪುಟ ಸಿದ್ಧಪಡಿಸುವ ಕೆಲಸವನ್ನೆಲ್ಲ ಕಂಪ್ಯೂಟರಿನಿಂದಲೇ ಮಾಡಿಸುವಂತೆ ಅವನ್ನು ಕಟ್ಟಿದ್ದಾರೆ. ಆ ಮಾಡೆಲ್‌ನದೇ ಡ್ರೈವರ್ ಇಲ್ಲದೆ ಒಂದು ಗೆರೆಯೂ ಬರುವುದಿಲ್ಲ. ಅಂಥದ್ದು ಮನೆಯಲ್ಲಿದ್ದರೆ ಸರಿಯಾಗಿ ಕೆಲಸ ಮಾಡಿದ ಇನ್‌ಸ್ಟಾಲರನ್ನು ಪೆನ್‌ಡ್ರೈವಿನಲ್ಲಿ ಹಾಕಿ ಎತ್ತಿಡಿ.

ಕೊನೆಗೆ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್’ ಅನ್ನುವುದನ್ನು ಆಫ್ ಮಾಡಿ, ನಿಮ್ಮ ಪ್ರಿಂಟರನ್ನೇ ಡಿಫಾಲ್ಟ್ ಮಾಡಿ. ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಚಿಕ್ಕ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಕಿತ್ತು ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ಪುಡಿ ಕರಗಿಸುವ ಹೀಟರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ಯುಪಿಎಸ್ ಟ್ರಿಪ್ಪಾದರೆ ಕಂಪ್ಯೂಟರೂ ಆಫ್, ಸಾಲಿನಲ್ಲಿ ಮತ್ತೊಂದು ಅರ್ಧ ಪ್ರಿಂಟ್.

ಇಷ್ಟಾದರೂ ಬಗೆಹರಿಯದೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಸೆಕೆಂಡ್ ಹ್ಯಾಂಡ್ ಪ್ರಿಂಟರ್ ನೋಡಲು ಹೊರಟರೆ, ದುಡ್ಡು ಎಣಿಸುವ ಮೊದಲು ಅಂಗಡಿ ಮುಂದೆಯೇ ನಿಂತು ಮೊಬೈಲ್‌ನಲ್ಲಿ ಕಂಪನಿಯ ವೆಬ್‌ಸೈಟ್ ತೆರೆಯಿರಿ. ಆ ಮಾಡೆಲ್‌ಗೆ ವಿಂಡೋಸ್ 11ರ ಡ್ರೈವರ್ ಇದೆಯಾ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ‘ಹತ್ತರಲ್ಲಿ ಓಡುತ್ತೆ ಸಾರ್, ಹನ್ನೊಂದರಲ್ಲೂ ಓಡುತ್ತೆ’ ಅಂತ ಅಂಗಡಿಯವರು ಅಂದರೆ, ಅಲ್ಲೇ ಒಂದು ಲ್ಯಾಪ್‌ಟಾಪಿಗೆ ಹಾಕಿಸಿ ಒಂದು ಪುಟ ತೆಗೆಸಿ ನೋಡಿ.