ಗಣಿತದ ಪರೀಕ್ಷೆ ಎಂದರೆ ಹೊಟ್ಟೆನೋವೇ? ಲೆಕ್ಕದ ಭಯ ಬಿಡಿಸುವುದು ಹೀಗೆ

ಐದನೇ ತರಗತಿಯವರೆಗೆ ಖುಷಿಯಿಂದ ಲೆಕ್ಕ ಮಾಡುತ್ತಿದ್ದ ಮಕ್ಕಳು ಏಳನೆಯದಕ್ಕೆ ಬರುವಷ್ಟರಲ್ಲಿ ಗಣಿತ ಪರೀಕ್ಷೆಯ ದಿನವೇ ಹೊಟ್ಟೆನೋವು ಎನ್ನತೊಡಗುತ್ತಾರೆ. ಅದು ನೆಪವೇ ಆಗಿರಬೇಕೆಂದಿಲ್ಲ. ಲೆಕ್ಕ ಬಿಡಿಸುವಾಗ ಅಂಕಿಗಳನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಲು ಮನಸ್ಸಿನಲ್ಲಿರುವ ಜಾಗ ಚಿಕ್ಕದು. 'ತಪ್ಪಾದರೆ?' ಎಂಬ ಆತಂಕ ಅಲ್ಲಿಗೆ ನುಗ್ಗಿತೆಂದರೆ ಬಾಯಿಪಾಠವಾದ ಮಗ್ಗಿಯೂ ಕೈಕೊಡುತ್ತದೆ. ಹಾಗಾಗಿ ಟ್ಯೂಷನ್ ಹುಡುಕುವ ಮುನ್ನ ಗಾಬರಿ ಇಳಿಸಿ.

ಮೊದಲು ಮನೆಯ ಮಾತು ತಿದ್ದಿಕೊಳ್ಳಿ. 'ಗಣಿತ ಕಬ್ಬಿಣದ ಕಡಲೆ, ನಮ್ಮ ವಂಶದಲ್ಲೇ ಯಾರಿಗೂ ಹತ್ತಲಿಲ್ಲ' ಎಂದು ಅಪ್ಪ ಅಮ್ಮ ನಕ್ಕು ಹೇಳಿದರೂ ಮಕ್ಕಳು ಅದನ್ನು ತೀರ್ಪೆಂದೇ ತಿಳಿಯುತ್ತಾರೆ. ಪಕ್ಕದ ಫ್ಲ್ಯಾಟಿನವರ ಅಂಕಪಟ್ಟಿಯ ಸುದ್ದಿಯೂ ಬೇಡ. ಗಡಿಯಾರ ಎದುರಿಗಿಟ್ಟು ಲೆಕ್ಕ ಮಾಡಿಸುವುದಂತೂ ಬೇಡವೇ ಬೇಡ.

ಮುಂದಿನದು ತೊಡಕಿನ ಮೂಲ ಹುಡುಕುವ ಕೆಲಸ. ನಿಧಾನದ ಕೆಲಸ, ಆದರೆ ಫಲ ಸಿಗುವುದು ಇಲ್ಲಿಯೇ. ಸಮೀಕರಣ ಬಾರದ ಮಗು ಎಷ್ಟೋ ಸಲ ಎಡವಿರುವುದು ಭಿನ್ನರಾಶಿಯಲ್ಲಿ. 1/2 + 1/3 ಬರೆದು ಕೊಡಿ. 2/5 ಎಂಬ ಉತ್ತರ ಬಂದರೆ ಕೆಂಪು ಪೆನ್ನು ಎತ್ತಿಕೊಳ್ಳಬೇಡಿ. ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್ ತೋರಿಸಿ, 'ಇದಕ್ಕೆ ಇನ್ನಷ್ಟು ಹಾಲು ಸೇರಿಸಿದರೆ ಹೆಚ್ಚಾಗುತ್ತದೋ, ಕಡಿಮೆಯಾಗುತ್ತದೋ?' ಎಂದು ಕೇಳಿ. ಬಳಿಕ ಒಂದು ಲೀಟರಿನ 2/5 ಭಾಗ ಎಷ್ಟೆಂದು ಲೆಕ್ಕ ಹಾಕಿಸಿ. 400 ಮಿಲಿಲೀಟರ್! ಸೇರಿಸಿದ ಮೇಲೂ 500 ಇದ್ದದ್ದು ಇಳಿದುಹೋಯಿತು. ತಪ್ಪನ್ನು ಮಗುವೇ ಹಿಡಿಯುತ್ತದೆ, ನಿಮ್ಮಿಂದ ಬೈಸಿಕೊಳ್ಳದೆ. ಛೇದಗಳನ್ನು 6ಕ್ಕೆ ಸಮ ಮಾಡಿ 3/6 + 2/6 = 5/6 ಎಂದು ತೋರಿಸುವುದು ಆಮೇಲೆ.

ಋಣ ಸಂಖ್ಯೆಗೆ ಬೆಂಗಳೂರಿನ ಮಾಲ್‌ಗಳ ಲಿಫ್ಟೇ ಸಾಕು. ನೆಲಮಹಡಿ ಸೊನ್ನೆ ಎಂದುಕೊಂಡರೆ ಎರಡನೇ ನೆಲಮಾಳಿಗೆಯ ಪಾರ್ಕಿಂಗ್ −2. ಅಲ್ಲಿಂದ ಮೂರನೇ ಮಹಡಿಗೆ ಎಷ್ಟು ಹಂತ? 3 − (−2) = 5.

ಅಭ್ಯಾಸ ದಿನಕ್ಕೆ ಸ್ವಲ್ಪವೇ ಇರಲಿ, ಖಂಡಿತ ಬರುವ ಲೆಕ್ಕದಿಂದಲೇ ಶುರುವಾಗಲಿ. ಉತ್ತರ ಸರಿಯಿದ್ದಾಗಲೂ 'ಹೇಗೆ ಮಾಡಿದೆ?' ಎಂದು ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಬೈಗುಳವಾಗಿಬಿಡುತ್ತದೆ.

ಪರೀಕ್ಷೆಯ ದಿನಕ್ಕೊಂದು ಉಪಾಯವಿದೆ. ಪರೀಕ್ಷೆಗೆ ಮುನ್ನ 10 ನಿಮಿಷ ತಮ್ಮ ಆತಂಕವನ್ನು ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳು ಉತ್ತಮ ಅಂಕ ಪಡೆದರೆಂದು ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಖರ್ಚಿಲ್ಲದ ಪ್ರಯೋಗ, ಮಾಡಿ ನೋಡಬಹುದು. ಬರೆದದ್ದನ್ನು ನೀವು ಓದಬೇಡಿ.

ಬೋರ್ಡಿನ ಮುಂದೆ ನಿಲ್ಲಿಸಿದರೆ ಮಗು ನಡುಗುತ್ತದೆಯೇ? ಶಿಕ್ಷಕರಿಗೆ ಖಾಸಗಿಯಾಗಿ ತಿಳಿಸಿ. ಇಷ್ಟೆಲ್ಲ ಮಾಡಿದರೂ ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಎಂಬುದೇ ಗೊಂದಲವಾಗುತ್ತಿದ್ದರೆ ಅದು ಬರೀ ಭಯವಲ್ಲ, ಡಿಸ್ಕ್ಯಾಲ್ಕುಲಿಯಾ ಎಂಬ ಕಲಿಕಾ ತೊಂದರೆ ಇರಬಹುದು. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗದಂಥ ಕಡೆ ತೋರಿಸಿ. ಹೋಗುವಾಗ ಹಳೆಯ ಗಣಿತದ ನೋಟ್‌ಬುಕ್‌ಗಳನ್ನೂ ಜೊತೆಗೆ ಒಯ್ಯಿರಿ.